ಅಟ್ಟದಿಂದ ಇಳಿದ ಸ್ಪೆಕ್ಟ್ರಮ್: ಮೊದಲು ಕ್ಯಾಸೆಟ್ಟು, ಆಮೇಲೆ ಕರೆಂಟು

ಪ್ರಶ್ನೆ: ನನ್ನ ದೊಡ್ಡಪ್ಪ ಪುಣೆಯಲ್ಲಿ ಎಂಜಿನಿಯರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಬೆಳಗಾವಿಯ ಮನೆಯ ಅಟ್ಟದಲ್ಲಿ ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂದು ಬರೆದಿರುವ ಕಪ್ಪು ಬಣ್ಣದ ಪುಟ್ಟ ಕಂಪ್ಯೂಟರ್, ಅದರ ಅಡಾಪ್ಟರ್ ಮತ್ತು ಒಂದು ಪೆಟ್ಟಿಗೆ ಕ್ಯಾಸೆಟ್‌ಗಳು ಸಿಕ್ಕಿವೆ. ಕೆಲವು ಕ್ಯಾಸೆಟ್‌ಗಳು ಅಂಗಡಿಯಲ್ಲಿ ಕೊಂಡವು, ಇನ್ನು ಕೆಲವಕ್ಕೆ ದೊಡ್ಡಪ್ಪನೇ ಕೈಯಲ್ಲಿ ಬರೆದ ಚೀಟಿ ಅಂಟಿಸಿದ್ದಾರೆ. ಇದನ್ನು ಮತ್ತೆ ನಡೆಸಬೇಕೆಂಬ ಆಸೆ. ಎಲ್ಲಿಂದ ಶುರು ಮಾಡಲಿ? ಇದಕ್ಕೆ ಸಾಫ್ಟ್‌ವೇರ್ ಎಲ್ಲಿ ಸಿಗುತ್ತದೆ? ಅದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವುದು ತಪ್ಪಾಗುತ್ತದೆಯೇ? ಬಿಡಿಭಾಗಗಳು ಇನ್ನೂ ದೊರೆಯುತ್ತವೆಯೇ?

ಉತ್ತರ: ಈ ಪತ್ರ ಓದುವ ಹೊತ್ತಿಗೆ ನೀವು ಆ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿರದಿದ್ದರೆ ದಯವಿಟ್ಟು ಇನ್ನೂ ಸ್ವಲ್ಪ ದಿನ ತಡೆಯಿರಿ. ಕಾರಣವನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ನಿಮ್ಮ ಕೈಯಲ್ಲಿರುವುದು ಬ್ರಿಟನ್ನಿನ ಕೇಂಬ್ರಿಡ್ಜ್ ನಗರದ ಸಿಂಕ್ಲೇರ್ ರಿಸರ್ಚ್ ಕಂಪನಿ ರೂಪಿಸಿದ ಝಡ್‌ಎಕ್ಸ್ ಸ್ಪೆಕ್ಟ್ರಮ್ ವಂಶದ ಯಂತ್ರ. ಮೂಲ ಸ್ಪೆಕ್ಟ್ರಮ್ 1982ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು; 16 ಕೆ (ಕಿಲೋಬೈಟ್) ಮೆಮೊರಿಯ ಮಾದರಿಗೆ 125 ಪೌಂಡ್, 48 ಕೆ ಮಾದರಿಗೆ 175 ಪೌಂಡ್ ಬೆಲೆಯಿತ್ತು. ಒಳಗಿರುವುದು 3.5 ಮೆಗಾಹರ್ಟ್ಸ್ ವೇಗದ ಝಡ್80 ಪ್ರೊಸೆಸರ್, 16 ಕೆ ರೋಮ್‌ನಲ್ಲಿ (ಅಳಿಸಲಾಗದ ಮೆಮೊರಿಯಲ್ಲಿ) ಅಚ್ಚಾಗಿರುವ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಚಿತ್ರ, ಕೀಬೋರ್ಡ್, ಕ್ಯಾಸೆಟ್ ಮೂರನ್ನೂ ನೋಡಿಕೊಳ್ಳುವ, ಫೆರಾಂಟಿ ಕಂಪನಿ ತಯಾರಿಸಿದ ಯುಎಲ್‌ಎ ಎಂಬ ಒಂದೇ ಚಿಪ್. 1984ರಲ್ಲಿ ರಬ್ಬರ್ ಗುಂಡಿಗಳ ಬದಲು ಗಟ್ಟಿ ಪ್ಲಾಸ್ಟಿಕ್ ಗುಂಡಿಗಳನ್ನೂ ಒಂದು ರೀಸೆಟ್ ಗುಂಡಿಯನ್ನೂ ಹೊತ್ತು ಬಂದದ್ದೇ ಸ್ಪೆಕ್ಟ್ರಮ್ ಪ್ಲಸ್. ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಕಂಪನಿ 1980ರ ದಶಕದ ಉತ್ತರಾರ್ಧದಲ್ಲಿ ಇದನ್ನೇ ಪರವಾನಗಿ ಪಡೆದು ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಹೆಸರಿನಲ್ಲಿ ನಮ್ಮ ದೇಶದಲ್ಲಿ ಮಾರಿತು. ಇಲ್ಲಿನ ಹಳೆಯ ಯಂತ್ರಗಳ ನಡುವೆ ಒಂದು ಗೊಂದಲ ಆಗಾಗ ಆಗುವುದರಿಂದ ಇದನ್ನೂ ಹೇಳಿಬಿಡುತ್ತೇನೆ: ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಡಿ 1984ರಿಂದಾಚೆ ಶಾಲೆಗಳಿಗೆ ಬಂದವು ಬಿಬಿಸಿ ಮೈಕ್ರೋ ಯಂತ್ರಗಳು. ಅದರ ಪ್ರೊಸೆಸರ್ ಬೇರೆ, ಬೇಸಿಕ್ ಬೇರೆ, ಕ್ಯಾಸೆಟ್ಟಿನಲ್ಲಿ ಬರೆಯುವ ಕ್ರಮವೂ ಬೇರೆ. ಆ ಕಾಲದ ಸಾಫ್ಟ್‌ವೇರ್ ಒಂದು ಯಂತ್ರದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ. ಆದ್ದರಿಂದ ಹುಡುಕುವಾಗ ‘ಝಡ್‌ಎಕ್ಸ್ ಸ್ಪೆಕ್ಟ್ರಮ್ 48 ಕೆ’ ಎಂದೇ ಹುಡುಕಬೇಕು.

ಸಾಫ್ಟ್‌ವೇರ್ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಸ್ಪೆಕ್ಟ್ರಮ್ ವಿಷಯದಲ್ಲಿ ಅದು ಕಷ್ಟದ ಪ್ರಶ್ನೆಯಲ್ಲ. ಅಂಗಡಿಯಲ್ಲಿ ಮಾರಾಟವಾದ ಆಟಗಳು, ಶಿಕ್ಷಣದ ಪ್ರೋಗ್ರಾಂಗಳು, ಟೈಪಿಂಗ್ ಮತ್ತು ಲೆಕ್ಕದ ಪ್ಯಾಕೇಜುಗಳಲ್ಲಿ ಬಹುಪಾಲನ್ನು ಹವ್ಯಾಸಿಗಳು ದಶಕಗಳಿಂದ ಕಂಪ್ಯೂಟರ್ ಫೈಲ್‌ಗಳಾಗಿ ಉಳಿಸಿಟ್ಟಿದ್ದಾರೆ. ಎಲ್ಲಿಯೂ ಸಿಗದಿರುವುದು ನಿಮ್ಮ ಪೆಟ್ಟಿಗೆಯಲ್ಲಿದೆ. ದೊಡ್ಡಪ್ಪನವರ ಕೈಬರಹದ ಕ್ಯಾಸೆಟ್‌ಗಳಲ್ಲಿ ಕೆಲವು ಗೆಳೆಯರಿಂದ ನಕಲು ಮಾಡಿಕೊಂಡ ಆಟಗಳಿರಬಹುದು; ಆದರೆ ಎಂಜಿನಿಯರೊಬ್ಬರು ಬಿಡುವಿನಲ್ಲಿ ಬರೆದ ಪ್ರೋಗ್ರಾಂಗಳೂ, ಟೈಪ್ ಮಾಡಿದ ಪತ್ರಗಳೂ ಅಲ್ಲಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಅವುಗಳ ಇನ್ನೊಂದು ಪ್ರತಿ ಜಗತ್ತಿನಲ್ಲಿ ಇರಲಾರದು. ಯಂತ್ರ ಕೆಟ್ಟರೆ ಮತ್ತೊಂದು ಸ್ಪೆಕ್ಟ್ರಮ್ ಕೊಳ್ಳಬಹುದು, ಆ ಕ್ಯಾಸೆಟ್ ಹರಿದರೆ ಅಥವಾ ಅಪ್ಪಿತಪ್ಪಿ ಅದರ ಮೇಲೆಯೇ ರೆಕಾರ್ಡ್ ಆದರೆ ಮಾಡುವುದಕ್ಕೇನೂ ಉಳಿಯುವುದಿಲ್ಲ. ಆದ್ದರಿಂದ ಮೊದಲು ಅನುಕರಣೆಯ ಯಂತ್ರದಲ್ಲಿ ಕಲಿಯಿರಿ, ಅದರ ಜೊತೆಜೊತೆಗೆ ಕ್ಯಾಸೆಟ್‌ಗಳನ್ನು ಉಳಿಸಿಕೊಳ್ಳಿ, ನಿಜವಾದ ಯಂತ್ರಕ್ಕೆ ಕರೆಂಟು ಕೊಡುವುದು ಆಮೇಲೆ. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡಿ ಕಳೆದುಕೊಳ್ಳುತ್ತಾರೆ.

ಮೊದಲ ಹೆಜ್ಜೆಗೆ ಖರ್ಚೇ ಇಲ್ಲ. ಎಮ್ಯುಲೇಟರ್ ಎಂದರೆ ಇಂದಿನ ಕಂಪ್ಯೂಟರಿನೊಳಗೆ ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ಪ್ರೋಗ್ರಾಂ. ‘ಫ್ಯೂಸ್’ ಎಂಬ ಎಮ್ಯುಲೇಟರ್ ಉಚಿತವಾಗಿ ಸಿಗುತ್ತದೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಇದರಲ್ಲಿ ಕಾನೂನಿನ ಅಳುಕು ಬೇಡ. 1986ರಲ್ಲಿ ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು 50 ಲಕ್ಷ ಪೌಂಡಿಗೆ ಕೊಂಡ ಆಮ್‌ಸ್ಟ್ರಾಡ್ ಕಂಪನಿಯು, ಸ್ಪೆಕ್ಟ್ರಮ್‌ನ ರೋಮ್ ಅನ್ನು ಎಮ್ಯುಲೇಟರ್‌ಗಳ ಜೊತೆಗೆ ಹಂಚಲು 1999ರಲ್ಲಿ ಬಹಿರಂಗವಾಗಿ ಒಪ್ಪಿಗೆ ಕೊಟ್ಟಿದೆ. ಫ್ಯೂಸ್ ತೆರೆದ ಕೂಡಲೇ ಬಿಳಿಯ ಪರದೆಯ ಕೆಳಗೆ ಸಿಂಕ್ಲೇರ್ ರಿಸರ್ಚ್‌ನ 1982ರ ಹಕ್ಕುಸ್ವಾಮ್ಯದ ಸಾಲು ಕಾಣಿಸುತ್ತದೆ. ಅದೇ ಈ ಯಂತ್ರದ ಸ್ವಾಗತ.

ಇಲ್ಲಿ ಹೊಸಬರು ತಡವರಿಸುವ ಒಂದು ಜಾಗವಿದೆ. ಸ್ಪೆಕ್ಟ್ರಮ್‌ನಲ್ಲಿ ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡುವುದಿಲ್ಲ. ಒಂದು ಗುಂಡಿಗೆ ಒಂದು ಇಡೀ ಪದ. ಸಾಲಿನ ಆರಂಭದಲ್ಲಿ ‘ಪಿ’ ಒತ್ತಿದರೆ ‘ಪ್ರಿಂಟ್’, ‘ಆರ್’ ಒತ್ತಿದರೆ ‘ರನ್’, ‘ಜೆ’ ಒತ್ತಿದರೆ ‘ಲೋಡ್’ ಮೂಡುತ್ತದೆ. ಕ್ಯಾಸೆಟ್ಟಿನಿಂದ ತುಂಬಿಸಲು ‘ಜೆ’ ಒತ್ತಿ, ಬಳಿಕ ಉದ್ಧರಣ ಚಿಹ್ನೆಯನ್ನು ಎರಡು ಸಲ ಕೊಟ್ಟು ಎಂಟರ್ ಒತ್ತಬೇಕು. ನಿಮ್ಮ ಪ್ಲಸ್ ಮಾದರಿಯಲ್ಲಿ ಉದ್ಧರಣ ಚಿಹ್ನೆಗೆ ಪ್ರತ್ಯೇಕ ಗುಂಡಿ ಇದೆ, ಎಮ್ಯುಲೇಟರಿನಲ್ಲಿ ಸಿಂಬಲ್ ಶಿಫ್ಟ್ ಜೊತೆಗೆ ‘ಪಿ’ ಒತ್ತಿದರೆ ಬರುತ್ತದೆ. ಈ ಕ್ರಮ ಮೊದಲ ದಿನ ಕಿರಿಕಿರಿ ಎನಿಸಿದರೂ, ಟೈಪಿಂಗ್ ಬಾರದ ಮಕ್ಕಳೂ ಕಾಗುಣಿತದ ತಪ್ಪಿಲ್ಲದೆ ಪ್ರೋಗ್ರಾಂ ಬರೆಯಲು ಇದರಿಂದಲೇ ಸಾಧ್ಯವಾಯಿತು. ಬೇಸಿಕ್ ರೋಮ್ ಬರೆದ ಸ್ಟೀವ್ ವಿಕರ್ಸ್ ಅವರೇ ಯಂತ್ರದ ಜೊತೆ ಬರುತ್ತಿದ್ದ ಬೇಸಿಕ್ ಕೈಪಿಡಿಯನ್ನೂ ಬರೆದರು. ಅದರ ಸ್ಕ್ಯಾನ್ ಪ್ರತಿಗಳು ಸುಲಭವಾಗಿ ಸಿಗುತ್ತವೆ. ಆಟಗಳಿಗೆ ಹಾರುವ ಮೊದಲು ಅದರ ಮೊದಲ ಕೆಲವು ಅಧ್ಯಾಯಗಳನ್ನು ಕೀಬೋರ್ಡ್ ಮುಂದಿಟ್ಟುಕೊಂಡು ಓದಿ. ದೊಡ್ಡಪ್ಪನವರ ಪ್ರೋಗ್ರಾಂ ಕೈಗೆ ಸಿಕ್ಕಾಗ ಅವರು ಏನು ಮಾಡಲು ಹೊರಟಿದ್ದರು ಎಂಬುದನ್ನು ನೀವೇ ಓದಿ ತಿಳಿಯಬೇಕಲ್ಲವೇ?

ಅಭ್ಯಾಸಕ್ಕೆ ಒಂದು ಸಣ್ಣ ಕೆಲಸ ಸೂಚಿಸುತ್ತೇನೆ. ಸ್ಪೆಕ್ಟ್ರಮ್‌ನಲ್ಲಿ ನಮಗೆ ಬೇಕಾದ ಆಕಾರಗಳನ್ನು ಕೂರಿಸಲು 21 ಅಕ್ಷರಗಳ ಜಾಗ ಬಿಟ್ಟಿದ್ದಾರೆ. ಒಂದೊಂದೂ 8 ಸಾಲು, 8 ಕಂಬಗಳ ಚೌಕ. ಗಣಿತದ ಚೌಕಳಿ ಹಾಳೆಯ ಮೇಲೆ ಚುಕ್ಕಿ ತುಂಬಿ, ಒಂದೊಂದು ಸಾಲನ್ನೂ ಒಂದು ಸಂಖ್ಯೆಯಾಗಿಸಿ, ‘ಪೋಕ್’ ಆಜ್ಞೆಯಿಂದ ಮೆಮೊರಿಗೆ ಹಾಕಬೇಕು. ಕನ್ನಡದ ಸೊನ್ನೆಯನ್ನು ಮೂಡಿಸಲು 0, 60, 66, 66, 66, 66, 60, 0 ಎಂಬ ಎಂಟು ಸಂಖ್ಯೆಗಳು ಸಾಕು: 60 ಎಂದರೆ ನಡುವಿನ ನಾಲ್ಕು ಚುಕ್ಕಿ ತುಂಬಿದ ಸಾಲು, 66 ಎಂದರೆ ಎರಡು ಬದಿಗೆ ಒಂದೊಂದೇ ಚುಕ್ಕಿ ಇರುವ ಸಾಲು. ತಲೆಕಟ್ಟು, ಒತ್ತಕ್ಷರಗಳನ್ನು ಹಾಕಲು ಹೊರಟ ಕೂಡಲೇ ಎಂಟು ಸಾಲು ಸಾಲದೆ, ಮೇಲೊಂದು ಕೆಳಗೊಂದು ಚೌಕ ಜೋಡಿಸಬೇಕಾಗುತ್ತದೆ. 21 ಜಾಗಗಳು ಎಷ್ಟು ಬೇಗ ಮುಗಿಯುತ್ತವೆಂಬುದೂ ಆಗ ತಿಳಿಯುತ್ತದೆ. ಅಂದಿನವರು ಮೆಮೊರಿಯನ್ನು ಎಷ್ಟು ಕೈಬಿಗಿಹಿಡಿದು ಬಳಸುತ್ತಿದ್ದರೆಂಬುದು ಇಂಥ ಕೆಲಸದಲ್ಲಿ ಮನಸ್ಸಿಗೆ ನಾಟುವಷ್ಟು ಪುಸ್ತಕದಿಂದ ನಾಟುವುದಿಲ್ಲ.

ಇನ್ನು ಕ್ಯಾಸೆಟ್‌ಗಳು. ಪೆಟ್ಟಿಗೆಯನ್ನು ತೆರೆದು ಮೊದಲು ಮಾಡಬೇಕಾದ ಕೆಲಸ, ಪ್ರತಿಯೊಂದು ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಎಲೆಗಳನ್ನು ಮುರಿದುಬಿಡುವುದು. ಆಗ ಅದರ ಮೇಲೆ ಯಾರೂ ಆಕಸ್ಮಿಕವಾಗಿ ರೆಕಾರ್ಡ್ ಮಾಡಲಾಗುವುದಿಲ್ಲ. ನಂತರ ಬೆಳಕಿಗೆ ಹಿಡಿದು ಕಿಟಕಿಯಂಥ ಪಾರದರ್ಶಕ ಭಾಗದಲ್ಲಿ ಸುರುಳಿಯನ್ನು ನೋಡಿ. ಬೆಳಗಾವಿಯ ಮಳೆಗಾಲವನ್ನು ಅಟ್ಟದ ಮೇಲೆ ಕಳೆದ ಕ್ಯಾಸೆಟ್‌ಗಳಲ್ಲಿ ಬಿಳಿಯ ಬೂಷ್ಟು ಇರುವುದು ಅಪರೂಪವಲ್ಲ. ಬೂಷ್ಟು ಕಂಡವನ್ನು ಬೇರೆ ಇಡಿ, ಟೇಪ್ ರೆಕಾರ್ಡರಿಗೆ ಹಾಕಬೇಡಿ. ಹಾಕಿದರೆ ಅದು ಟೇಪನ್ನು ಓದುವ ಹೆಡ್ಡಿಗೆ ಅಂಟಿ, ಅಲ್ಲಿಂದ ಚೆನ್ನಾಗಿರುವ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಬಿಸಿಲಿಗೆ ಇಟ್ಟು ಒಣಗಿಸುವುದೂ ಬೇಡ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮುಚ್ಚಿದ ಡಬ್ಬಿಯಲ್ಲಿ ಇಟ್ಟು, ಹಳೆಯ ಟೇಪ್ ಕೆಲಸ ಬಲ್ಲವರಿಂದ ಸುರುಳಿಯನ್ನು ಶುಚಿ ಮಾಡಿಸಿ, ಸ್ಕ್ರೂ ಇರುವ ಬೇರೆ ಕವಚಕ್ಕೆ ವರ್ಗಾಯಿಸಿಕೊಳ್ಳಿ.

ಟೇಪ್ ರೆಕಾರ್ಡರ್ ನಿಮ್ಮ ಮನೆಯಲ್ಲಿಲ್ಲದಿದ್ದರೆ ಊರಿನ ಹಳೆಯ ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಕೇಳಿ. ಬೆಂಗಳೂರಿಗೆ ಹೋಗುವವರಿದ್ದರೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಇಂಥವು ಸಿಗುತ್ತವೆ. ಕೊಂಡ ಮೇಲೆ ಒಳಗಿನ ರಬ್ಬರ್ ಬೆಲ್ಟು ಬದಲಿಸಿ, ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತೊಡೆದು ಹೆಡ್ಡನ್ನು ಒರೆಸಿ. ಬೆಲ್ಟಿನ ಮಾತು ಸಣ್ಣದಲ್ಲ. ಸ್ಪೆಕ್ಟ್ರಮ್ ತನ್ನ ಮಾಹಿತಿಯನ್ನು ಶಬ್ದವಾಗಿ ಬರೆಯುತ್ತದೆ: 0 ಎಂಬುದಕ್ಕೆ ಒಂದು ಅಳತೆಯ ಮಿಡಿತ, 1ಕ್ಕೆ ಅದರ ಎರಡರಷ್ಟು ಉದ್ದದ ಮಿಡಿತ. ಜೋತುಬಿದ್ದ ಬೆಲ್ಟು ಟೇಪನ್ನು ಎಳೆದೆಳೆದು ಓಡಿಸಿದರೆ ಯಂತ್ರಕ್ಕೆ ಉದ್ದ ಯಾವುದು, ಗಿಡ್ಡ ಯಾವುದು ಎಂಬುದೇ ತಿಳಿಯದೆ ಹೋಗುತ್ತದೆ. ಹಾಡಿನ ಕ್ಯಾಸೆಟ್ಟಿನಲ್ಲಿ ಗಮನಕ್ಕೆ ಬಾರದ ಏರಿಳಿತ ಇಲ್ಲಿ ಇಡೀ ಪ್ರೋಗ್ರಾಮನ್ನು ಕೆಡಿಸಬಲ್ಲದು.

ಬಹಳ ವರ್ಷ ಸುತ್ತಿಕೊಂಡೇ ಇದ್ದ ಟೇಪನ್ನು ನುಡಿಸುವ ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಬೇಕು. ನಂತರ ಟೇಪ್ ರೆಕಾರ್ಡರಿನ ಇಯರ್‌ಫೋನ್ ಕಿಂಡಿಯಿಂದ ಕಂಪ್ಯೂಟರಿನ ಆಡಿಯೋ ಇನ್‌ಪುಟ್ಟಿಗೆ ವೈರ್ ಎಳೆದು, ಆಡಾಸಿಟಿಯಂಥ ಪ್ರೋಗ್ರಾಮಿನಲ್ಲಿ 44,100 ಹರ್ಟ್ಸ್, 16 ಬಿಟ್, ವೇವ್ ಫೈಲ್ ಆಗಿ ಪ್ರತಿಯೊಂದು ಬದಿಯನ್ನೂ ಆರಂಭದಿಂದ ಕೊನೆಯವರೆಗೆ ರೆಕಾರ್ಡ್ ಮಾಡಿಕೊಳ್ಳಿ. ಡಾಲ್ಬಿ, ಗದ್ದಲ ಕಡಿಮೆ ಮಾಡುವ ಸೌಲಭ್ಯ, ತಾನಾಗಿ ಧ್ವನಿ ಹೊಂದಿಸುವ ಸೌಲಭ್ಯ ಎಲ್ಲವನ್ನೂ ಆರಿಸಿ. ಎಂಪಿ3 ಆಗಿ ಕುಗ್ಗಿಸಬೇಡಿ. ಧ್ವನಿ ಮಂಕಾಗಿ ಕೇಳಿಸಿದರೆ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ಶಬ್ದ ಅತ್ಯಂತ ಚೂಪಾಗುವಲ್ಲಿ ನಿಲ್ಲಿಸಬೇಕು. ಒಂದೊಂದು ಕ್ಯಾಸೆಟ್ ಒಂದೊಂದು ಯಂತ್ರದಲ್ಲಿ ರೆಕಾರ್ಡ್ ಆಗಿರುವುದರಿಂದ ಈ ಹೊಂದಾಣಿಕೆಯನ್ನು ಕ್ಯಾಸೆಟ್ ಬದಲಿಸಿದಾಗಲೆಲ್ಲ ಮಾಡಬೇಕಾಗಬಹುದು.

ಈ ಶಬ್ದವನ್ನು ಕಿವಿಯಿಂದಲೇ ಗುರುತಿಸಲು ಕಲಿಯಿರಿ. ಸುಮಾರು 5 ಸೆಕೆಂಡ್ ಒಂದೇ ಶ್ರುತಿಯ ನಾದ, ಕ್ಷಣಮಾತ್ರದ ಕರ್ಕಶ ಸದ್ದು, ಸ್ವಲ್ಪ ಮೌನ. ಮತ್ತೆ 2 ಸೆಕೆಂಡ್ ಅದೇ ನಾದ, ಅದರ ಹಿಂದೆ ಉದ್ದನೆಯ ಕರ್ಕಶ ಸದ್ದು. ಮೊದಲಿನ ಚುಟುಕು ಭಾಗ ತಲೆಬರಹ. ಮುಂದೆ ಬರುವುದು ಬೇಸಿಕ್ ಪ್ರೋಗ್ರಾಮೇ, ಬರಿಯ ಬೈಟುಗಳೇ, ಅದರ ಹೆಸರೇನು, ಉದ್ದ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಹೆಸರಿಗೆ 10 ಅಕ್ಷರಗಳ ಮಿತಿ. ಎರಡನೆಯದು ನಿಜವಾದ ಸರಕು. ಪ್ರತಿ ಭಾಗದ ಕೊನೆಯಲ್ಲಿ ಅದುವರೆಗಿನ ಬೈಟುಗಳಿಂದ ಲೆಕ್ಕಹಾಕಿದ ಒಂದು ತಾಳೆಯ ಬೈಟ್ ಇರುವುದರಿಂದ, ಓದಿದ್ದು ಸರಿಯೋ ತಪ್ಪೋ ಎಂದು ಊಹಿಸುವ ಅಗತ್ಯವಿಲ್ಲ. ಫ್ಯೂಸ್ ತಂಡದವರೇ ಕೊಡುವ ‘ಆಡಿಯೋ2ಟೇಪ್’ ಎಂಬ ಉಪಕರಣ ವೇವ್ ಫೈಲನ್ನು ಟೇಪ್ ಫೈಲ್ ಆಗಿ ಬದಲಿಸುತ್ತದೆ. ಅದನ್ನು ಎಮ್ಯುಲೇಟರಿನಲ್ಲಿ ತೆರೆದಾಗ ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ಪಟ್ಟೆಗಳು, ಆಮೇಲೆ ಗಾಢನೀಲಿ ಮತ್ತು ಹಳದಿ ಪಟ್ಟೆಗಳು ಓಡಿ, ದೊಡ್ಡಪ್ಪ ಕೊಟ್ಟ ಹೆಸರು ಪರದೆಯ ಮೇಲೆ ಮೂಡುತ್ತದೆ. ತಾಳೆಯಾಗದಿದ್ದರೆ ನಿರಾಶರಾಗಬೇಡಿ, ಸ್ಕ್ರೂ ಸರಿಪಡಿಸಿ ಮತ್ತೆ ರೆಕಾರ್ಡ್ ಮಾಡಿ, ಕೊನೆಗೂ ಆಗದಿದ್ದರೆ ವೇವ್ ಫೈಲನ್ನು ಹಾಗೆಯೇ ಇಟ್ಟುಕೊಳ್ಳಿ. ಇಂದಿನ ಉಪಕರಣ ಓದಲಾಗದ್ದನ್ನು ನಾಳೆ ಬರುವ ಇನ್ನೊಂದು ಓದಬಹುದು.

‘ಬೈಟ್ಸ್’ ಎಂದು ತೋರಿಸುವ, ತಾನಾಗಿ ನಡೆಯದ ಭಾಗಗಳು ಸಿಕ್ಕರೆ ಅವು ಕೆಟ್ಟಿವೆ ಎಂದು ಎಣಿಸಬೇಡಿ. ಟಾಸ್‌ವರ್ಡ್ ಎಂಬ ಟೈಪಿಂಗ್ ಪ್ಯಾಕೇಜು ಆಗ ಬಹಳ ಬಳಕೆಯಲ್ಲಿತ್ತು. 32 ಅಕ್ಷರಗಳ ಸಾಲಿನ ಪರದೆಯಲ್ಲಿ ಅದು 64 ಅಕ್ಷರಗಳನ್ನು ತೋರಿಸುತ್ತಿತ್ತು. ಅದರಲ್ಲಿ ಬರೆದ ಪತ್ರವೂ ಹೀಗೆ ‘ಬೈಟ್ಸ್’ ಆಗಿಯೇ ಕಾಣಿಸುತ್ತದೆ; ಅದನ್ನು ಓದಲು ಮೊದಲು ಟಾಸ್‌ವರ್ಡನ್ನೇ ತುಂಬಿಸಬೇಕು.

ಈಗ ಯಂತ್ರಕ್ಕೆ ಬರೋಣ. ಸ್ಪೆಕ್ಟ್ರಮ್ ಬೇಡುವುದು 9 ವೋಲ್ಟ್ ಡಿಸಿ, ಸುಮಾರು 1.4 ಆಂಪಿಯರ್. ಅಪಾಯ ಇರುವುದು ಪಿನ್ನಿನಲ್ಲಿ. ಇಂದು ಅಂಗಡಿಯಲ್ಲಿ ಸಿಗುವ ಬಹುತೇಕ ಅಡಾಪ್ಟರ್‌ಗಳಲ್ಲಿ ಪಿನ್ನಿನ ಒಳಭಾಗ ಪ್ಲಸ್, ಹೊರಗಿನ ಉಂಗುರ ಮೈನಸ್. ಸ್ಪೆಕ್ಟ್ರಮ್‌ನಲ್ಲಿ ಇದು ತಿರುಗಿದೆ, ಒಳಭಾಗ ಮೈನಸ್. ರೌಟರಿನ ಅಡಾಪ್ಟರ್ ಕಿಂಡಿಗೆ ಸರಿಯಾಗಿ ಕೂರುತ್ತದೆ ಎಂದು ಚುಚ್ಚಿದವರ ಯಂತ್ರಗಳು ಅಲ್ಲಿಗೇ ನಿಂತಿವೆ. ಹಳೆಯ ಅಡಾಪ್ಟರನ್ನೇ ಬಳಸುವುದಾದರೂ ಅದರ ವೈರ್ ಒಡೆದಿಲ್ಲವೆಂದು ನೋಡಿ, ಯಂತ್ರಕ್ಕೆ ಜೋಡಿಸದೆ ಮಲ್ಟಿಮೀಟರಿನಲ್ಲಿ ಅಳೆಯಿರಿ: ಕಪ್ಪು ಕಡ್ಡಿ ಪಿನ್ನಿನೊಳಗೆ, ಕೆಂಪು ಕಡ್ಡಿ ಹೊರಗಿನ ಉಂಗುರಕ್ಕೆ. ಮೀಟರ್ 9ರ ಬದಲು 12 ಅಥವಾ 13 ವೋಲ್ಟ್ ತೋರಿಸಿದರೆ ಗಾಬರಿಯಾಗಬೇಡಿ. ಅದು ವೋಲ್ಟೇಜನ್ನು ಬಿಗಿಯಾಗಿ ನಿಯಂತ್ರಿಸದ ಹಳೆಯ ಬಗೆಯ ಅಡಾಪ್ಟರ್, ಹೊರೆ ಇಲ್ಲದಾಗ ವೋಲ್ಟೇಜು ಏರಿರುವುದು ಸಹಜ. ಮೈನಸ್ ಚಿಹ್ನೆ ಕಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಹೊಸದನ್ನೇ ಕೊಳ್ಳುವುದಾದರೆ 9 ವೋಲ್ಟ್, 2 ಆಂಪಿಯರ್ ಸಾಮರ್ಥ್ಯದ, ಒಳಭಾಗ ಮೈನಸ್ ಇರುವ ಅಡಾಪ್ಟರನ್ನು ಕೇಳಿ ಪಡೆಯಿರಿ, ಮತ್ತು ಅಂಗಡಿಯವರ ಮಾತಿನ ಮೇಲೆ ಬಿಡದೆ ಅದನ್ನೂ ಅಳೆಯಿರಿ.

ವಿದ್ಯುತ್ತಿನ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವೂ ಇದೆ. ಇದರ ಮೊದಲ 16 ಕೆ ಮೆಮೊರಿ 4116 ಎಂಬ ಎಂಟು ಚಿಪ್‌ಗಳಲ್ಲಿದೆ, ಅವುಗಳಿಗೆ ಪ್ಲಸ್ 5, ಪ್ಲಸ್ 12, ಮೈನಸ್ 5 ಎಂಬ ಮೂರು ವೋಲ್ಟೇಜುಗಳು ಬೇಕು. ಒಳಗಿನ ಪುಟ್ಟ ಪರಿವರ್ತಕ ಮಂಡಲ ಇವನ್ನು ಒದಗಿಸುತ್ತದೆ. ಮೈನಸ್ 5 ಬಾರದೆ ಪ್ಲಸ್ 12 ಮಾತ್ರ ಬಂದರೆ ಚಿಪ್‌ಗಳು ಸುಟ್ಟುಹೋಗುತ್ತವೆ. ದಶಕಗಳ ಹಿಂದಿನ ಕೆಪಾಸಿಟರ್‌ಗಳು ಒಣಗಿ ಈ ಮಂಡಲ ಕೆಡುವುದು ಸಾಮಾನ್ಯ. ಹೀಗಾಗಿ ಬೆಸುಗೆ ಕೆಲಸ ಬಲ್ಲವರು ನಿಮ್ಮ ಬಳಗದಲ್ಲಿದ್ದರೆ ಮೊದಲು ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳನ್ನು ಬದಲಿಸಿ, ಮೂರೂ ವೋಲ್ಟೇಜುಗಳನ್ನು ಅಳೆಯಿಸುವುದು ಕ್ಷೇಮ. ಪೆಟ್ಟಿಗೆ ತೆರೆಯುವಾಗ ಕೀಬೋರ್ಡಿನಿಂದ ಬೋರ್ಡಿಗೆ ಇಳಿಯುವ ಎರಡು ಪಟ್ಟಿಗಳ ಬಗ್ಗೆ ಎಚ್ಚರವಿರಲಿ. ತೆಳುವಾದ ಆ ಪ್ಲಾಸ್ಟಿಕ್ ಹಪ್ಪಳದಂತೆ ಒಣಗಿರುತ್ತದೆ, ಬಾಗಿಸಿದರೆ ಸೀಳುತ್ತದೆ. ಸೀಳಿದರೂ ಕೆಲಸ ಕೆಟ್ಟಿತೆಂದಲ್ಲ, ಅದರ ಹೊಸ ಪ್ರತಿಗಳನ್ನು ಈಗಲೂ ತಯಾರಿಸಿ ಮಾರುತ್ತಾರೆ.

ಸ್ಪೆಕ್ಟ್ರಮ್‌ಗೆ ಸ್ವಿಚ್ ಇಲ್ಲ; ಪಿನ್ ಚುಚ್ಚಿದರೆ ಆನ್, ಕಿತ್ತರೆ ಆಫ್. ಹಿಂದಿನ ಅಂಚಿನ ಕನೆಕ್ಟರಿಗೆ ಏನನ್ನಾದರೂ ಹಾಕುವುದೂ ತೆಗೆಯುವುದೂ ಕರೆಂಟು ಇಲ್ಲದಾಗಲೇ ಆಗಬೇಕು. ಚಿತ್ರ ಟಿವಿಯ ಆಂಟೆನಾ ಕಿಂಡಿಗೆ ಹೋಗುತ್ತದೆ, ಯುಎಚ್‌ಎಫ್ 36ನೇ ಚಾನೆಲ್ ಬಳಿ ಹುಡುಕಬೇಕು. ಬ್ರಿಟನ್ನಿನ ಮತ್ತು ನಮ್ಮ ಪಾಲ್ ಎಂಬ ಟಿವಿ ಪ್ರಸಾರ ಪದ್ಧತಿಗಳ ನಡುವೆ ಧ್ವನಿಯ ತರಂಗದಲ್ಲಿ ವ್ಯತ್ಯಾಸವಿದ್ದರೂ ಈ ಯಂತ್ರದ ಧ್ವನಿ ಅದರೊಳಗಿನ ಪುಟ್ಟ ಸ್ಪೀಕರಿನಿಂದಲೇ ಬರುವುದರಿಂದ ತೊಂದರೆಯಿಲ್ಲ. ಹೊಸ ಟಿವಿಯಲ್ಲಿ ಅನಲಾಗ್ ಟ್ಯೂನರ್ ಇಲ್ಲದಿದ್ದರೆ, ಚಿತ್ರವನ್ನು ಆಂಟೆನಾ ಸಂಕೇತವಾಗಿಸುವ ಒಳಗಿನ ಮಾಡ್ಯುಲೇಟರನ್ನು ದಾಟಿಸಿ ನೇರ ಕಾಂಪೊಸಿಟ್ ವಿಡಿಯೋ ತೆಗೆಯುವ ಸಣ್ಣ ಮಾರ್ಪಾಡು ಇದೆ, ಅದನ್ನು ಮತ್ತೆ ಮೊದಲಿನಂತೆ ಮಾಡಲೂಬಹುದು. ಆನ್ ಮಾಡಿದಾಗ ಪರದೆ ಒಮ್ಮೆ ಕಪ್ಪಾಗಿ, ಕೆಂಪು ಗೆರೆಗಳು ಮಿಂಚಿ, ಬಿಳಿಯಾಗಿ, ಹಕ್ಕುಸ್ವಾಮ್ಯದ ಸಾಲು ಬಂದರೆ ಯಂತ್ರ ಆರೋಗ್ಯವಾಗಿದೆ. ಬಣ್ಣದ ಚೌಕಗಳೋ ಗೆರೆಗಳೋ ಅಲ್ಲಿಯೇ ನಿಂತುಬಿಟ್ಟರೆ ಕೂಡಲೇ ಪಿನ್ ಕಿತ್ತು, ಮೆಮೊರಿ ಮತ್ತು ಅದರ ವಿದ್ಯುತ್ ಮಂಡಲವನ್ನು ಪರೀಕ್ಷಿಸಿ.

ನಿಮ್ಮ ಎರಡನೆಯ ಪ್ರಶ್ನೆಗೆ ಈಗ ಉತ್ತರ ಸುಲಭ. 1995ರಲ್ಲಿ ಆರಂಭವಾದ ‘ವರ್ಲ್ಡ್ ಆಫ್ ಸ್ಪೆಕ್ಟ್ರಮ್’, ನಂತರ ಬಂದ ‘ಸ್ಪೆಕ್ಟ್ರಮ್ ಕಂಪ್ಯೂಟಿಂಗ್’ ಮತ್ತು ‘ಇಂಟರ್ನೆಟ್ ಆರ್ಕೈವ್’ ಎಂಬ ಮೂರು ಸಂಗ್ರಹಗಳಲ್ಲಿ ಹುಡುಕಿದರೆ ಬಹುಪಾಲು ಎಲ್ಲವೂ ಸಿಗುತ್ತದೆ. ಅಲ್ಲಿ ಫೈಲ್‌ಗಳು ಹಲವು ರೂಪಗಳಲ್ಲಿರುತ್ತವೆ. ಟ್ಯಾಪ್ ಎಂಬುದು ಕ್ಯಾಸೆಟ್ಟಿನ ಸರಳ ನಕಲು. ಟಿಝಡ್‌ಎಕ್ಸ್ ಎಂಬುದು ಮಿಡಿತಗಳ ಅಳತೆಯನ್ನೂ ಸೇರಿಸಿ ಉಳಿಸಿದ್ದು. ನಕಲು ತಡೆಯಲು ವಿಚಿತ್ರ ವೇಗಗಳಲ್ಲಿ ಬರೆದ ಕ್ಯಾಸೆಟ್‌ಗಳಿಗೆ ಇದೇ ಬೇಕು, ನೀವು ಉಳಿಸಿಡುವುದೂ ಇದರಲ್ಲೇ ಇರಲಿ. ಎಸ್‌ಎನ್‌ಎ ಮತ್ತು ಝಡ್80 ಎಂಬವು ಆಟ ತುಂಬಿದ ನಂತರದ ಮೆಮೊರಿಯ ಚಿತ್ರ, ಎಮ್ಯುಲೇಟರಿಗೆ ಅನುಕೂಲ, ಆದರೆ ಕ್ಯಾಸೆಟ್ ಕಿಂಡಿಯ ಮೂಲಕ ಹಾಗೆಯೇ ತುಂಬಿಸಲಾಗದು. ನಿಮ್ಮದು 48 ಕೆ ಯಂತ್ರವಾದ್ದರಿಂದ 128 ಕೆ ಮಾತ್ರ ಎಂದಿರುವುದನ್ನು ಬಿಟ್ಟುಬಿಡಿ.

ಈ ಫೈಲನ್ನು ನಿಜವಾದ ಯಂತ್ರಕ್ಕೆ ದಾಟಿಸಲು ‘ಟೇಪ್2ವೇವ್’ ಉಪಕರಣದಿಂದ ಶಬ್ದವಾಗಿ ಪರಿವರ್ತಿಸಿ, ಮೊಬೈಲಿನಿಂದ ಯಂತ್ರದ ‘ಇಯರ್’ ಕಿಂಡಿಗೆ ವೈರ್ ಕೊಟ್ಟು ನುಡಿಸಿದರೆ ಸಾಕು. ಧ್ವನಿ ಪೂರ್ತಿ ಏರಿಸಿ, ಈಕ್ವಲೈಸರ್ ತೆಗೆದು, ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ನಡುವೆ ಒಂದು ಮೆಸೇಜಿನ ಸದ್ದು ಬಂದರೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಮೊಬೈಲಿನ ಶಬ್ದ ಸಾಲದಿದ್ದರೆ ನಡುವೆ ಸಣ್ಣ ಆಂಪ್ಲಿಫೈಯರ್ ಹಾಕಿ. ಇಯರ್ ಮತ್ತು ಮೈಕ್ ಎರಡನ್ನೂ ಒಟ್ಟಿಗೆ ಚುಚ್ಚಬೇಡಿ. ದೊಡ್ಡ ಆಟವೊಂದು ತುಂಬಲು ನಾಲ್ಕೈದು ನಿಮಿಷ ಬೇಕು. ಅಷ್ಟು ಕಾಯಲು ಮನಸ್ಸಿಲ್ಲದವರಿಗೆ ಎಸ್‌ಡಿ ಕಾರ್ಡಿನಿಂದ ಕ್ಷಣದಲ್ಲಿ ತುಂಬಿಸುವ ಡಿವ್‌ಎಂಎಂಸಿ ಎಂಬ ಸಾಧನವಿದೆ. ಮೆಮೊರಿ ಚಿತ್ರದ ಫೈಲ್‌ಗಳನ್ನೂ ಅದು ತೆಗೆದುಕೊಳ್ಳುತ್ತದೆ. ಆದರೂ ಒಂದೆರಡು ಆಟಗಳನ್ನಾದರೂ ಕ್ಯಾಸೆಟ್ಟಿನಿಂದಲೇ ತುಂಬಿಸಿ ನೋಡಿ ಎಂಬುದು ನನ್ನ ಆಗ್ರಹ.

ಯಾವುದರಿಂದ ಶುರು ಮಾಡಬೇಕೆಂದರೆ, 1983ರಲ್ಲಿ ಮ್ಯಾಥ್ಯೂ ಸ್ಮಿತ್ ಬರೆದ ‘ಮ್ಯಾನಿಕ್ ಮೈನರ್’ ನನ್ನ ಮೊದಲ ಆಯ್ಕೆ. 20 ಗುಹೆಗಳ ಈ ಆಟದಲ್ಲಿ ಯಂತ್ರದ ಶಕ್ತಿಯೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಸ್ಪೆಕ್ಟ್ರಮ್‌ನಲ್ಲಿ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಒಂದು ಚೌಕದೊಳಗೆ ಎರಡೇ ಬಣ್ಣಗಳು ಇರಲು ಸಾಧ್ಯ. ಪಾತ್ರವೊಂದು ಬೇರೆ ಬಣ್ಣದ ವಸ್ತುವಿನ ಪಕ್ಕ ಹಾದಾಗ ಬಣ್ಣಗಳು ಒಂದರ ಮೇಲೊಂದು ಹರಿಯುವುದನ್ನು ಗಮನಿಸಿ. ಅದೇ ಲೇಖಕರ ಮುಂದಿನ ಆಟ ‘ಜೆಟ್ ಸೆಟ್ ವಿಲ್ಲಿ’ 1984ರಲ್ಲಿ ಬಂದಾಗ ಡಬ್ಬಿಯೊಳಗೆ ಬಣ್ಣದ ಸಂಕೇತಗಳ ಒಂದು ಚೀಟಿ ಇರುತ್ತಿತ್ತು. ಅದರಲ್ಲಿನ ಬಣ್ಣಗಳನ್ನು ಸರಿಯಾಗಿ ಒತ್ತದಿದ್ದರೆ ಆಟ ತೆರೆಯುತ್ತಿರಲಿಲ್ಲ. ಸ್ಪೆಕ್ಟ್ರಮ್‌ಗೆ 1985ರಲ್ಲಿ ಬಂದ ‘ಎಲೈಟ್’ ಆಟದ ಜೊತೆ ಪರದೆಗೆ ಹಿಡಿದು ಅಕ್ಷರ ಓದುವ ಪ್ಲಾಸ್ಟಿಕ್ ಮಸೂರವೇ ಬರುತ್ತಿತ್ತು. ಆದ್ದರಿಂದ ನಿಮ್ಮ ಪೆಟ್ಟಿಗೆಯ ಅಡಿಯಲ್ಲಿರುವ ಕಾಗದದ ಚೂರು, ಪ್ಲಾಸ್ಟಿಕ್ ತುಂಡು ಯಾವುದನ್ನೂ ಕಸವೆಂದು ಎಸೆಯಬೇಡಿ.

ಕಾನೂನಿನ ಮಾತು. ಮಾರಾಟ ನಿಂತುಹೋದ ಮಾತ್ರಕ್ಕೆ ಹಕ್ಕುಸ್ವಾಮ್ಯ ಮುಗಿಯುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿನಲ್ಲಿಟ್ಟಿದ್ದು, ಲೇಖಕರ ಮರಣಾನಂತರ 60 ವರ್ಷಗಳವರೆಗೆ ರಕ್ಷಣೆ ಇದೆ. ಅದೇ ಕಾಯ್ದೆಯ 52ನೇ ಕಲಮು, ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯಬದ್ಧವಾಗಿ ಹೊಂದಿರುವವರು ಅದು ಹಾಳಾಗದಂತೆ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಆದ್ದರಿಂದ ದೊಡ್ಡಪ್ಪ ಕೊಂಡ ಕ್ಯಾಸೆಟ್‌ಗಳನ್ನು ನೀವು ಉಳಿಸಿಕೊಳ್ಳುವುದರಲ್ಲಿ ಅಳುಕಬೇಕಿಲ್ಲ. ಸಂಗ್ರಹಗಳಿಂದ ಇಳಿಸಿಕೊಳ್ಳುವಾಗ ಹಂಚಿಕೆಗೆ ಒಪ್ಪಿಗೆ ಇರುವವನ್ನು ಆರಿಸಿ. ವರ್ಲ್ಡ್ ಆಫ್ ಸ್ಪೆಕ್ಟ್ರಮ್ ಪ್ರಕಾಶಕರನ್ನು ಕೇಳಿ ಪಟ್ಟಿ ಮಾಡಿ, ನಿರಾಕರಿಸಿದವರ ಕೃತಿಗಳನ್ನು ಹೊರಗಿಟ್ಟಿತ್ತು. ಇಂದಿಗೂ ಈ ಯಂತ್ರಕ್ಕೆ ಹೊಸ ಆಟ ಬರೆದು ಉಚಿತವಾಗಿಯೋ ಅಲ್ಪ ಬೆಲೆಗೋ ಕೊಡುವವರಿದ್ದಾರೆ. ಅವರಿಂದ ಕೊಂಡರೆ ಈ ಹವ್ಯಾಸ ಬದುಕುತ್ತದೆ.

ಬಿಡಿಭಾಗಗಳ ಬಗ್ಗೆ ಹೆಚ್ಚು ಚಿಂತೆ ಬೇಡ. ಕೆಪಾಸಿಟರ್, 7805 ರೆಗ್ಯುಲೇಟರ್, ಪಿನ್ ಮುಂತಾದವು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತವೆ. 1976ರಿಂದ ತಯಾರಾಗುತ್ತಿದ್ದ ಝಡ್80 ಚಿಪ್ಪಿನ ಆರ್ಡರುಗಳನ್ನು ಝೈಲಾಗ್ ಕಂಪನಿ 2024ರಲ್ಲಿ ನಿಲ್ಲಿಸಿದರೂ ಹಳೆಯ ದಾಸ್ತಾನು ಇನ್ನೂ ಬೇಕಾದಷ್ಟಿದೆ. ಯುಎಲ್‌ಎ ಮಾತ್ರ ಬೇರೆಲ್ಲೂ ಬಳಕೆಯಾಗದ ಚಿಪ್, ಅದನ್ನು ಕಾಪಾಡಿಕೊಳ್ಳಿ. ಬ್ರಿಟನ್ನಿನಿಂದ ಇನ್ನೊಂದು ಯಂತ್ರ ತರಿಸುವ ಯೋಚನೆ ಈಗಲೇ ಬೇಡ. ಸಾಗಣೆ ಮತ್ತು ಸುಂಕ ಸೇರಿದರೆ ಬೆಲೆ ಏರುತ್ತದೆ, ಮತ್ತು ಬರುವುದೂ ಇಷ್ಟೇ ಹಳೆಯ ಯಂತ್ರ. 2024ರ ನವೆಂಬರ್‌ನಲ್ಲಿ ಬಂದ ‘ದಿ ಸ್ಪೆಕ್ಟ್ರಮ್’ ಎಂಬ ಹೊಸ ಪ್ರತಿಕೃತಿ ಎಚ್‌ಡಿಎಂಐ ಟಿವಿಗೆ ಸೇರುತ್ತದೆ, 48 ಆಟಗಳು ಒಳಗೇ ಇವೆ, ಮಕ್ಕಳಿಗೆ ಕೊಡಲು ಚೆನ್ನಾಗಿದೆ. ಆದರೆ ಅದಕ್ಕೆ ಕ್ಯಾಸೆಟ್ ಕಿಂಡಿ ಇಲ್ಲ. ನಿಮ್ಮ ಕೆಲಸಕ್ಕೆ ಸದ್ಯ ಬೇಕಿರುವುದು ಒಂದು ಮಲ್ಟಿಮೀಟರ್, ಸರಿಮಾಡಿದ ಟೇಪ್ ರೆಕಾರ್ಡರ್ ಮತ್ತು ಒಂದು ಆಡಿಯೋ ವೈರ್, ಅಷ್ಟೇ.

ದೊಡ್ಡಪ್ಪನವರ ಪ್ರೋಗ್ರಾಂಗಳು ಹೊರಬಂದ ಮೇಲೆ, ಮನೆಯವರು ಒಪ್ಪಿದರೆ ಅವನ್ನು ಮೇಲೆ ಹೇಳಿದ ಸಂಗ್ರಹಗಳಿಗೆ ಕಳಿಸಬಹುದು. ಭಾರತದ ಮನೆಗಳಲ್ಲಿ ಬರೆದ ಸ್ಪೆಕ್ಟ್ರಮ್ ಪ್ರೋಗ್ರಾಂಗಳು ಅಂಥ ಕಡೆ ಸೇರಬೇಕಾದ ಅಗತ್ಯ ಬಹಳವಿದೆ. ಕಳಿಸುವಾಗ ಟಿಝಡ್‌ಎಕ್ಸ್ ಫೈಲಿನ ಜೊತೆ ಮೂಲ ವೇವ್ ಫೈಲು, ಕ್ಯಾಸೆಟ್ಟಿನ ಎರಡೂ ಬದಿಯ ಫೋಟೋ, ಕೈಬರಹದ ಚೀಟಿಯ ಸ್ಕ್ಯಾನ್, ಯಾವ ಊರಿನಲ್ಲಿ ಯಾವ ವರ್ಷದಲ್ಲಿ ಬರೆದದ್ದೆಂಬ ಟಿಪ್ಪಣಿ ಇರಲಿ. ಪತ್ರಗಳೂ ಮನೆಯ ಲೆಕ್ಕಗಳೂ ಅವುಗಳೊಡನೆ ಬೆರೆತು ಹೋಗದಂತೆ ಮೊದಲೇ ಬೇರ್ಪಡಿಸಿಕೊಳ್ಳಿ.